ಗುಡ್ಡದ ಹಲ್ಲಿಯ ಐದು ಪಟ್ಟೆಗಳು

ನನಗೊಂದು ಅಭ್ಯಾಸವಿದೆ. ಮುಚ್ಚಿದ ಯಾವುದನ್ನೇ ಆಗಲಿ, ತೆರೆಯುವ ಮೊದಲು ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟುತ್ತೇನೆ. ಪರರ ಮನೆಯ ಬಾಗಿಲನ್ನು ತಟ್ಟುವುದು ಸಭ್ಯತೆ. ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ನಾನು ತಟ್ಟುವುದು ಕಪಾಟನ್ನು, ಟ್ರಂಕನ್ನು, ಜೋಳದ ಡಬ್ಬಿಯನ್ನು. ಮದುವೆಯಾದ ಹೊಸದರಲ್ಲಿ ನಾನು ಸಕ್ಕರೆ ಡಬ್ಬಿಯನ್ನು ತಟ್ಟಿ, ಒಂದು ಕ್ಷಣ ತಡೆದು, ಆಮೇಲೆ ಮುಚ್ಚಳ ತೆಗೆದುದನ್ನು ಕಂಡ ನನ್ನ ಹೆಂಡತಿ ತಾನೂ ಡಬ್ಬಿಯೊಳಗೆ ಇಣುಕಿ ನೋಡಿದಳು. ಈಗ ಆಕೆಗೆ ರೂಢಿಯಾಗಿದೆ. ಸಿಂಧನೂರಿನ ನಮ್ಮ ಶಾಲೆಯಲ್ಲಿ ವಿಜ್ಞಾನದ ಸಾಮಾನುಗಳನ್ನಿಟ್ಟ ಕಬ್ಬಿಣದ ಕಪಾಟೊಂದಿದೆ. ಅದನ್ನು ನಾನು ತಟ್ಟಿದಾಗಲೆಲ್ಲ ನಮ್ಮ ಗಣಿತದ ಮಾಸ್ತರರು ತಲೆ ಎತ್ತದೆಯೇ ಕೇಳುತ್ತಾರೆ: “ಒಳಗಿಂದ ‘ಬರ್ರಿ’ ಅಂದ್ರೇನ್ರೀ ಸರ?”

ಅವರಿಗೆ ಇದುವರೆಗೆ ನಾನು ಸಮರ್ಪಕವಾದ ಉತ್ತರವನ್ನು ಕೊಟ್ಟಿಲ್ಲ. ಸಮರ್ಪಕವಾದ ಉತ್ತರ ಎರಡು ನಿಮಿಷದ್ದಲ್ಲ; ಅವರಿಗೋ ಗಂಟೆ ಬಾರಿಸುವುದರೊಳಗೆ ಭಿನ್ನರಾಶಿಗಳನ್ನು ಮುಗಿಸಬೇಕಾಗಿರುತ್ತದೆ. ಓದುಗರಿಗೆ ಅಂತಹ ಅವಸರವಿಲ್ಲವೆಂದು ಭಾವಿಸಿ ಇಲ್ಲಿ ನಿವೇದಿಸಿಕೊಳ್ಳುತ್ತೇನೆ. ಇದು ಹಲ್ಲಿಗಳಿಂದ ಬಂದ ಅಭ್ಯಾಸ.

ಮಸ್ಕಿಯಿಂದ ಲಿಂಗಸುಗೂರಿನ ಕಡೆಗೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಾಚೆ ಗುಡ್ಡಗಳನ್ನು ನೋಡಿರುತ್ತಾರೆ. ನೋಡಿ, ಅಲ್ಲಿ ಏನೂ ಇಲ್ಲವೆಂದು ನಿದ್ದೆ ಹೋಗಿರುತ್ತಾರೆ. ಅದು ಅವರ ತಪ್ಪಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಅಡವಿ ಎಂದರೆ ಸೂರ್ಯನ ಕಿರಣವೂ ನುಸುಳದ ದಟ್ಟ ಹಸಿರು. ನಾಲ್ಕನೆಯ ಇಯತ್ತೆಯಲ್ಲಿ ಅಡವಿಯ ಮೇಲೆ ಹತ್ತು ವಾಕ್ಯ ಬರೆಯಲು ಹೇಳಿದಾಗ ನಾನೂ ಹಾಗೆಯೇ ಬರೆದೆ, ಆನೆಗಳನ್ನೂ ಸೇರಿಸಿದೆ. ದಿನಾ ಬೆಳಗ್ಗೆ ಕವಳಿಹಣ್ಣು ತಿನ್ನುತ್ತ, ತಂಗಡಿ ಗಿಡಗಳ ನಡುವೆ ದಾರಿ ಮಾಡಿಕೊಂಡು ಹತ್ತಿ ಇಳಿಯುತ್ತಿದ್ದ ನಮ್ಮ ಗುಡ್ಡವೂ ಒಂದು ಅಡವಿಯೆಂಬುದು ನನಗೆ ಹೊಳೆಯಲೇ ಇಲ್ಲ. ಕಾರೆ, ಬಾರಿ, ಸೀತಾಫಲದ ಗಿಡಗಳು ಬಂಡೆಯ ಸಂದಿಯಲ್ಲಿ ಸಿಕ್ಕಷ್ಟು ಮಣ್ಣಿಗೆ ಬೇರು ಬಿಟ್ಟು, ಮೊಣಕಾಲೆತ್ತರಕ್ಕೆ, ಹೆಚ್ಚೆಂದರೆ ಎದೆಯೆತ್ತರಕ್ಕೆ ಬೆಳೆದ ಅಡವಿ ಅದು. ಮರಗಳಿಗಿಂತ ಕಲ್ಲೇ ಹೆಚ್ಚು. ಆದರೆ ಅಲ್ಲಿ ಮನೆ ಮಾಡಿಕೊಂಡಿದ್ದವರನ್ನು ಕೇಳಿದರೆ ಅದಕ್ಕಿಂತ ಒಳ್ಳೆಯ ಅಡವಿ ಭೂಮಿಯ ಮೇಲಿಲ್ಲವೆಂದು ಹೇಳಿಯಾರು.

ಅಂತಹವರಲ್ಲಿ ಮುಖ್ಯರಾದವರು ಗುಡ್ಡದ ಹಲ್ಲಿಗಳು. ಮನೆಯ ಗೋಡೆಯ ಹಲ್ಲಿಯನ್ನು ನೆನಪಿಗೆ ತಂದುಕೊಂಡರೆ ಮೋಸ ಹೋಗುತ್ತೀರಿ. ಇದು ಬಾಲ ಸೇರಿ ಒಂದು ಗೇಣಿಗೂ ಮಿಕ್ಕಿ ಬೆಳೆಯುವ, ಅಂಗೈ ಅಗಲಿಸಿದಂತೆ ಕಾಲ್ಬೆರಳುಗಳಿರುವ, ಬೂದಿ ಬಣ್ಣದ ಗಂಭೀರ ಪ್ರಾಣಿ. ಬೆನ್ನಿನ ಮೇಲೆ ಅಲೆಯಲೆಯಾದ ಕಪ್ಪು ಅಡ್ಡಪಟ್ಟೆಗಳು. ಹಗಲಿನಲ್ಲಿ ಕಣ್ಣಪಾಪೆ ನಿಲ್ಲಿಸಿದ ಸೂಜಿಯಂತೆ ಸಣ್ಣಗಾಗಿರುತ್ತದೆ. ಹೊತ್ತು ಇಳಿಯುವವರೆಗೆ ಬಂಡೆಯ ಪದರುಗಳ ನಡುವೆ ಅಡಗಿದ್ದು, ಬಿಸಿಲು ಕೆಂಪಾಗತೊಡಗಿದ ಮೇಲೆ ಒಂದೊಂದೇ ತಲೆ ಹೊರಗೆ ಬರುತ್ತದೆ.

ಪದರುಗಳೆಂದೆನಲ್ಲ, ಅದನ್ನು ವಿವರಿಸಬೇಕು. ನಮ್ಮ ಭಾಗದ ದೊಡ್ಡ ಬಂಡೆಗಳು ಬಿಸಿಲಿಗೆ ಕಾದು, ತಂಪಿಗೆ ಆರಿ, ಕಾಲಾನುಕಾಲಕ್ಕೆ ಉಳ್ಳಾಗಡ್ಡಿಯಂತೆ ಪದರು ಪದರಾಗಿ ಬಿಡುತ್ತವೆ. ಮೇಲಿನ ಪದರಿಗೂ ಕೆಳಗಿನ ಬಂಡೆಗೂ ನಡುವೆ ಎರಡು ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ. ಹಲ್ಲಿಗಳಿಗೆ ಅದೇ ಮನೆ. ಮತ್ತು ನಮಗೆ ಅದೇ ಅನ್ನ. ಏಕೆಂದರೆ ನಮ್ಮದು ಕಲ್ಲು ಒಡೆಯುವ ಮನೆತನ. ಆ ಪದರುಗಳನ್ನು ಎಬ್ಬಿಸಿ, ಗೆರೆ ಹಾಕಿ, ಉಳಿಯಿಂದ ಸೀಳಿ ಹಾಸುಗಲ್ಲು ಮಾಡುವುದು ನಮ್ಮ ಕೆಲಸ. ಕಾಲುವೆ ನೀರು ಬಂದ ಮೇಲೆ ಸಾಲಗುಂದ, ದಢೇಸುಗೂರಿನ ಕಡೆ ಮನೆಗಳು ಎದ್ದವು. ಆ ಎಷ್ಟೋ ಮನೆಗಳ ಪಡಸಾಲೆಗೆ ಹಾಸಿದ್ದು ನಮ್ಮ ಗುಡ್ಡದ ಕಲ್ಲು. ಇದನ್ನು ಈಗ ಹೆಮ್ಮೆಯಿಂದ ಬರೆಯುತ್ತಿದ್ದೇನೆ. ಆಗ ಬರೆಯುತ್ತಿರಲಿಲ್ಲವೆಂಬುದನ್ನು ಮುಂದೆ ಒಪ್ಪಿಕೊಳ್ಳುವವನಿದ್ದೇನೆ.

ಮನೆಯಲ್ಲಿ ಸಮ್ಮಟಿಗೆ ಅಪ್ಪನದಾದರೆ ಕಿವಿ ಅವ್ವನದು. ಯಾವ ಪದರು ಬಿಟ್ಟಿದೆ, ಯಾವುದು ಇನ್ನೂ ಹಿಡಿದುಕೊಂಡಿದೆ ಎಂಬುದನ್ನು ಹೇಳುವವಳು ಅವಳೇ. ಸಣ್ಣದೊಂದು ಗುಂಡುಕಲ್ಲು ಹಿಡಿದು ಬಂಡೆಯ ಮೇಲೆ ತಟ್ಟುತ್ತ ನಡೆಯುವಳು. ಗಟ್ಟಿ ಬಂಡೆ ಒಂದು ದನಿ ಕೊಡುತ್ತದೆ, ಪೊಳ್ಳಾದದ್ದು ಇನ್ನೊಂದು. ಆದರೆ ತಟ್ಟುವುದಕ್ಕೂ ಮುನ್ನ ಅವಳು ನೋಡುತ್ತಿದ್ದುದು ಹಲ್ಲಿಗಳನ್ನು. ಯಾವ ಬಂಡೆಯ ಅಂಚಿನಲ್ಲಿ ಅವುಗಳ ಹಿಕ್ಕೆ ಕಾಣುತ್ತದೋ ಅಲ್ಲಿ ಒಳಗೆ ಸಂದಿ ಉಂಟು. ಸಂದಿ ಉಂಟಾದರೆ ಕಟ್ಟಿಗೆ ಕಡಿಮೆ ಸಾಕು. ಪದರು ಎಬ್ಬಿಸಲು ನಮ್ಮವರು ಬಂಡೆಯ ಮೇಲೆ ಕಟ್ಟಿಗೆ ಒಟ್ಟಿ ಸಣ್ಣ ಬೆಂಕಿ ಕೊಡುತ್ತಾರೆ. ಬೆಂಕಿಯನ್ನು ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಸರಿಸುತ್ತ ಹೋದರೆ, ಎಲ್ಲೋ ಒಂದು ಕಡೆ ಬಂಡೆ ಒಳಗೊಳಗೇ ‘ದಿಮ್’ ಎನ್ನುತ್ತದೆ. ಚಪ್ಪಡಿ ಬಿಟ್ಟಿತೆಂದು ಅರ್ಥ.

ಬೆಂಕಿ ಕೊಡುವ ಹಿಂದಿನ ದಿನ ಸಂಜೆ ಅವ್ವ ಆ ಬಂಡೆಯ ಬಳಿಗೆ ಹೋಗಿ ಮೂರು ಸಲ ತಟ್ಟಿ, ಸಂದಿಗೆ ಬಾಯಿಯಿಟ್ಟು ಹೇಳುತ್ತಿದ್ದಳು: “ನಾಳಿ ಬೆಂಕಿ ಹಾಕ್ತೀವಿ. ಮಕ್ಕಳು ಮರಿ ಕರಕೊಂಡು ಹೋಗ್ರೆವ್ವ.” ಮರುದಿನ ಬೆಳಗ್ಗೆ ಮತ್ತೆ ಮೂರು ಸಲ. ಆಮೇಲೆ ಸಂದಿಯ ಬಾಯಲ್ಲಿ ಒಂದು ಹಿಡಿ ಹಸಿ ಎಲೆಯ ಹೊಗೆ. ಉಳಿದವರಿದ್ದರೆ ಹೊರಗೆ ಬರಲೆಂದು. ಇಷ್ಟಾದ ಮೇಲೆಯೇ ಬೆಂಕಿ. ಸಂದಿಯೊಳಗೆ ಮೊಟ್ಟೆ ಕಂಡರೆ ಬಂಡೆಗೆ ಜಾಜಿನ, ಅಂದರೆ ಕೆಮ್ಮಣ್ಣಿನ, ಗುರುತು ಬೀಳುತ್ತಿತ್ತು. ಮರಿಯಾಗುವವರೆಗೆ ಆ ಕೆಂಪು ಗುರುತಿನ ಬಂಡೆಯನ್ನು ಅಪ್ಪನೂ ಮುಟ್ಟುವಂತಿಲ್ಲ. ಒಮ್ಮೆ ಅಪ್ಪ, ಗಿರಾಕಿ ಅವಸರ ಮಾಡುತ್ತಿದ್ದಾನೆಂದು ಗೊಣಗಿದ. ಅವ್ವ, ಗಿರಾಕಿಯ ಹೆಂಡತಿ ಬಾಣಂತಿಯಾಗಿದ್ದಾಗ ಅವನ ಮನೆಯ ಮಾಳಿಗೆ ಕೀಳಲು ಹೋಗೆಂದು ಹೇಳಿದಳು. ಅಪ್ಪ ಬೇರೆ ಬಂಡೆ ಹುಡುಕಿದ.

ಹೀಗೆ ಬೆಳೆದವನಿಗೆ ತಟ್ಟದೆ ಏನನ್ನಾದರೂ ತೆರೆಯುವುದು ಹೇಗೆ ಸಾಧ್ಯ? ಕಪಾಟಿನ ವಿಷಯ ಇಲ್ಲಿಗೆ ಮುಗಿಯಿತು. ಆದರೆ ಹಲ್ಲಿಯ ವಿಷಯ ಮುಗಿದಿಲ್ಲ.

ಎಂಬತ್ತರ ದಶಕದ ಕೊನೆಗೆ ನಾನು ಲಿಂಗಸುಗೂರಿನಲ್ಲಿ ಪದವಿ ಓದುತ್ತಿದ್ದೆ. ನಮ್ಮ ಮನೆಯಲ್ಲಷ್ಟೇ ಅಲ್ಲ, ನಮ್ಮ ಓಣಿಯಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನು ಮೊದಲಿಗ. ಈ ಸ್ಥಾನವು ಗೌರವದ್ದೆಂದು ಹೊರಗಿನವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಸದಾ ಹೆದರಿಕೆಯ ಸ್ಥಾನ. ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕರೇನೋ ಎಂದು ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮಾತನಾಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಪೂರ್ತಿಯಾಗಿ ಕಟ್ಟುತ್ತಿದ್ದೆ; ಕಟ್ಟಿ ಮುಗಿಸುವಷ್ಟರಲ್ಲಿ ಮಾತು ಬೇರೆಡೆಗೆ ಹೋಗಿರುತ್ತಿತ್ತು. ತಂದೆತಾಯಿಯ ಉದ್ಯೋಗವನ್ನು ಯಾರಾದರೂ ಕೇಳಿದರೆ ‘ಕಲ್ಲಿನ ವ್ಯವಹಾರ’ ಎನ್ನುತ್ತಿದ್ದೆ. ಅದು ಸುಳ್ಳಲ್ಲ, ಆದರೆ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸತ್ಯಂ ಅದರಿಂದ ನಮಗೆ ಸ್ವಂತ ಕ್ವಾರಿ ಇದೆಯೆಂದು ತಿಳಿದನು. ನಾನು ತಿದ್ದಲಿಲ್ಲ.

ಸತ್ಯಂ ದಢೇಸುಗೂರಿನವನು. ಭತ್ತದ ಗದ್ದೆಯ ಮನೆಯವನು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಬಹಳ ಒಳ್ಳೆಯವನು. ಕೊನೆಯ ವರ್ಷ ಪ್ರಾಣಿಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ನಾವೆಲ್ಲರೂ ಒಂದೊಂದು ಪ್ರಾಣಿಯನ್ನು ಸಾಯಿಸಿ, ಕೆಡದಂತೆ ಔಷಧದ ಬಾಟಲಿಯಲ್ಲಿಟ್ಟು ತರಬೇಕಿತ್ತು. ಅದರ ಚಿತ್ರ ಬರೆದು, ಅದು ಎಲ್ಲಿ ಹೇಗೆ ಬದುಕುತ್ತದೆಂಬ ಟಿಪ್ಪಣಿಯನ್ನೂ ಬರೆಯಬೇಕಿತ್ತು. ಹೊರಗಿನಿಂದ ಬರುವ ಪರೀಕ್ಷಕರು ಅದನ್ನು ನೋಡಿ ಪ್ರಶ್ನೆ ಕೇಳುತ್ತಾರೆ. ಇದರಲ್ಲಿ ನಪಾಸಾದವನಿಗೆ ಆ ವರ್ಷ ಪದವಿಯಿಲ್ಲ. ನನಗೆ ಬಂದ ಪ್ರಾಣಿ ಹಲ್ಲಿ.

ನಾನು ಉಬ್ಬಿಹೋದೆ. ಹಲ್ಲಿಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ? ಶನಿವಾರ ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋಗಿ ಅವ್ವನ ಮುಂದೆ ಬಾಟಲಿಯನ್ನಿಟ್ಟೆ. ಅವ್ವ ವಿಷಯ ಕೇಳಿಕೊಂಡು, ಬಾಟಲಿಯನ್ನು ತಿರುಗಿಸಿ ನೋಡಿ, ಮುಚ್ಚಳ ಹಾಕಿ ನನಗೇ ಕೊಟ್ಟಳು. “ನೋಡಾಕ ಬೇಕಾದ್ರ ನೋಡು, ಬರಿಯಾಕ ಬೇಕಾದ್ರ ಬರಿ. ಸಾಯಿಸಾಕ ಕೇಳಬ್ಯಾಡ” ಎಂದಳು. ಪದವಿ ಹೋಗುತ್ತದೆಂದು ಹೇಳಿದೆ. ಅವಳಿಗೆ ಪದವಿ ಎಷ್ಟು ದೊಡ್ಡದೆಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಬಸ್ಸಿನ ಪಾಸಿಗಾಗಿ ಆಕೆ ಮೂರು ಸಲ ಲಿಂಗಸುಗೂರಿನ ಕಚೇರಿಗೆ ನಡೆದಾಡಿದ್ದಳು. ಆದರೂ ಅವಳು ಬಾಟಲಿಯ ಕಡೆಗೆ ಮತ್ತೆ ನೋಡಲಿಲ್ಲ.

ಹಾಗಾಗಿ ಚಿತ್ರವನ್ನಾದರೂ ಬರೆಯೋಣವೆಂದು ಸಂಜೆ ಗುಡ್ಡಕ್ಕೆ ಹೋದೆ. ಅವ್ವನೂ ಬಂದಳು. ಕೆಂಪು ಬಿಸಿಲಿನಲ್ಲಿ ದೊಡ್ಡದೊಂದು ಹಲ್ಲಿ ಚಪ್ಪಡಿಯ ಅಂಚಿಗೆ ಬಂದು ಕೂತಿತು. ನಾನು ಉಸಿರು ಬಿಗಿಹಿಡಿದು ಬರೆದೆ. ಪಟ್ಟೆಗಳನ್ನು ನಾಲ್ಕು ಬರೆದಿದ್ದೆ. ಅವ್ವ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ನಾಕ್ ಯಾಕ ಬರದಿ?”

ನಾಲ್ಕೇ ಕಾಣುತ್ತಿವೆಯೆಂದೆ.

“ಕುತಿಗಿ ಹಿಂದ ಒಂದೈತಿ, ನೋಡು. ಐದು. ಕಾಲೇಜಿನ್ಯಾಗ ಎಣಿಸೋದು ಕಲಿಸಿಲ್ಲೇನು?”

ಐದೇ ಇದ್ದವು. ತಿದ್ದಿದೆ. ಅವಳು ಬೆರಳುಗಳನ್ನು ತಿದ್ದಿಸಿದಳು, ಬಾಲದ ಬುಡವನ್ನು ತಿದ್ದಿಸಿದಳು, ಅದು ಕೂತ ಸಂದಿಯನ್ನೂ ಬರೆಯಿಸಿದಳು. ಹಲ್ಲಿಯೇ ಬೇಸತ್ತು ಎರಡು ಸಲ ಒಳಗೆ ಹೋಗಿ ಬಂತು. ಮುಗಿಯುವಾಗ ಚಿತ್ರ ನಿಜಕ್ಕೂ ಚೆನ್ನಾಗಿತ್ತು.

ಇಲ್ಲಿಂದ ಮುಂದಿನದು ನನ್ನ ಬುದ್ಧಿಗೇಡಿತನ. ಚಿತ್ರವೇನೋ ಗುಡ್ಡದ ಹಲ್ಲಿಯದಾಯಿತು. ಟಿಪ್ಪಣಿ ಬರೆಯಲು ಕುಳಿತಾಗ ನನ್ನ ಕೈ ತಾನಾಗಿ ಪಠ್ಯಪುಸ್ತಕದ ಕಡೆಗೆ ಹೋಯಿತು. ಅಚ್ಚಾದದ್ದು ತಪ್ಪಾಗಿರಲು ಹೇಗೆ ಸಾಧ್ಯ? ಪುಸ್ತಕದಲ್ಲಿದ್ದುದು ಮನೆಯ ಹಲ್ಲಿ. ಅದು ಗೋಡೆಗಳ ಮೇಲೆ, ದೀಪದ ಬಳಿಯಲ್ಲಿ ಇದ್ದು ಹುಳುಗಳನ್ನು ತಿನ್ನುತ್ತದೆಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದನ್ನೇ ಒಂದಕ್ಷರ ತಪ್ಪದಂತೆ ದುಂಡಗೆ ನಕಲು ಮಾಡಿದೆ. ನಮ್ಮ ಗುಡ್ಡದಲ್ಲಿ ಗೋಡೆಯೂ ಇಲ್ಲ, ದೀಪವೂ ಇಲ್ಲ. ಅದು ಹೊಳೆಯಲಿಲ್ಲವೆಂದಲ್ಲ. ಹೊಳೆದರೂ, ನನ್ನ ಕಣ್ಣು ಕಂಡದ್ದಕ್ಕಿಂತ ಪುಸ್ತಕದ್ದು ಹೆಚ್ಚು ಶುದ್ಧವೆಂದು ತೋರಿತು. ಇನ್ನು ಬಾಟಲಿ. ಸತ್ಯಂ ತನ್ನ ಅಭ್ಯಾಸಕ್ಕೆಂದು ಅಕ್ಕಿ ಗಿರಣಿಯಲ್ಲಿ ಸತ್ತುಬಿದ್ದ ಎರಡು ಮನೆಹಲ್ಲಿಗಳನ್ನು ಬಾಟಲಿಗಳಲ್ಲಿ ಇಟ್ಟುಕೊಂಡಿದ್ದ. ಅದರಲ್ಲಿ ಒಂದನ್ನು ನನಗೆ ಕೊಟ್ಟ. ನಾನು ಅದರ ಮೇಲೆ ನನ್ನ ಸಂಖ್ಯೆಯ ಚೀಟಿಯನ್ನಂಟಿಸಿದೆ.

ಪರೀಕ್ಷಕರು ದೂರದ ಊರಿನವರು. ಬಿಳಿ ಅಂಗಿ, ಮೆಲ್ಲನೆಯ ಮಾತು. ಮೆಲ್ಲನೆ ಮಾತನಾಡುವವರನ್ನು ಕಂಡರೆ ನನಗೆ ಹೆಚ್ಚು ಭಯ. ಅವರು ನನ್ನ ಬಾಟಲಿಯನ್ನೆತ್ತಿ ನೋಡಿದರು, ಟಿಪ್ಪಣಿ ಓದಿದರು, ತಲೆದೂಗಿದರು. ಆಮೇಲೆ ಚಿತ್ರ ನೋಡಿದರು. ತಲೆ ನಿಂತಿತು.

“ಟಿಪ್ಪಣಿ ಸರಿಯಾಗಿದೆ. ಬಾಟಲಿಯೂ ಅದೇ ಹೇಳುತ್ತೆ. ಚಿತ್ರ ಮಾತ್ರ ತಪ್ಪಾಗಿದೆಯಲ್ಲಪ್ಪ. ಈ ಪಟ್ಟೆ ಎಲ್ಲಿಂದ ಬಂತು?”

‘ತಪ್ಪಾಗಿದೆ ಸರ್’ ಎಂಬ ಎರಡು ಮಾತು ನನ್ನ ನಾಲಿಗೆಯ ತುದಿಯಲ್ಲಿದ್ದವು. ಅವನ್ನು ಹೇಳಿದ್ದರೆ ಕೆಲವು ಅಂಕಗಳು ಹೋಗುತ್ತಿದ್ದವು, ಪದವಿ ಉಳಿಯುತ್ತಿತ್ತು. ಮೂರು ವರ್ಷಗಳಲ್ಲಿ ನಾನು ಕಲಿತ ಮುಖ್ಯ ವಿದ್ಯೆಯೆಂದರೆ ದೊಡ್ಡವರು ತಪ್ಪೆಂದಾಗ ತಪ್ಪೆಂದು ಒಪ್ಪಿಕೊಳ್ಳುವುದು. ಆದರೆ ಆ ಪಟ್ಟೆಗಳನ್ನು ಎಣಿಸಿದ್ದವಳು ಅವ್ವ. ಚಿತ್ರ ತಪ್ಪೆಂದರೆ ತಪ್ಪು ಅವಳದಾಗುತ್ತಿತ್ತು. ಕಲ್ಲಿನ ವಿಷಯದಲ್ಲಿ, ಹಲ್ಲಿಯ ವಿಷಯದಲ್ಲಿ ಅವಳು ತಪ್ಪಿದ್ದನ್ನು ನಾನು ಒಂದು ದಿನವೂ ಕಂಡವನಲ್ಲ.

“ಚಿತ್ರ ಸರಿ ಐತಿ ಸರ್” ಎಂದೆ. “ಟಿಪ್ಪಣಿ ತಪ್ಪೈತಿ.”

ಕಟ್ಟಿಟ್ಟುಕೊಂಡಿದ್ದ ಶುದ್ಧ ವಾಕ್ಯಗಳೆಲ್ಲ ಎಲ್ಲಿಗೆ ಹೋದವೋ. ಪಕ್ಕದ ಮೇಜಿನಲ್ಲಿ ಸತ್ಯಂ ಕೆಮ್ಮಿದ. ಪರೀಕ್ಷಕರು ಕನ್ನಡಕ ತೆಗೆದು, ಹಾಗಾದರೆ ಈ ಬಾಟಲಿ ಏನೆಂದು ಕೇಳಿದರು. ಅದು ನಾನು ಹಿಡಿದದ್ದಲ್ಲವೆಂದೆ. ಯಾರದೆಂದು ಅವರು ಕೇಳಲಿಲ್ಲ. ಸತ್ಯಂನ ಕೆಮ್ಮು ಅಷ್ಟರಲ್ಲಿ ಬಹಳ ಹೆಚ್ಚಾಗಿತ್ತು. ಇಂತಹ ಹಲ್ಲಿಯನ್ನು ಎಲ್ಲಿ ನೋಡಿದೆಯೆಂದು ಕೇಳಿದರು. ಮಸ್ಕಿಯ ಹತ್ತಿರದ ಗುಡ್ಡದಲ್ಲೆಂದೆ. ಗುಡ್ಡದಲ್ಲಿ ನಿನಗೇನು ಕೆಲಸವೆಂದರು.

“ನಮ್ಮವ್ವ, ನಮ್ಮಪ್ಪ ಕಲ್ಲು ಒಡೀತಾರ ಸರ್. ಹಲ್ಲಿ ಇದ್ದ ಬಂಡಿ ಪದರು ಬಿಟ್ಟಿರ್ತೈತಿ ಅಂತ ನಮ್ಮವ್ವಗ ಗೊತ್ತು.”

ಕೋಣೆಯಲ್ಲಿ ಇಪ್ಪತ್ತು ಮಂದಿ ಇದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೂ ಅಂದು ನಾನು ಗುಂಡಿಗಳನ್ನು ಮುಟ್ಟಿಕೊಳ್ಳುತ್ತಿರಲಿಲ್ಲವೆಂದು ಈಗ ಅನಿಸುತ್ತದೆ. ಪರೀಕ್ಷಕರು ನನ್ನ ಟಿಪ್ಪಣಿಯ ಹಾಳೆಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಹೊಸ ಹಾಳೆ ಕೊಟ್ಟು, ಅರ್ಧ ಗಂಟೆಯಲ್ಲಿ ಗೊತ್ತಿರುವುದನ್ನು ಬರೆ ಎಂದರು. ಇಂಗ್ಲಿಷಿನಲ್ಲಿ ಬರುವುದಿಲ್ಲವೆಂದೆ. ಪದರು, ಸಂದಿ, ಪೊಳ್ಳು ದನಿ, ಜಾಜಿನ ಗುರುತು—ಇವುಗಳಿಗೆ ನನ್ನ ಬಳಿ ಇಂಗ್ಲಿಷ್ ಇರಲಿಲ್ಲ.

“ಯಾವುದರಲ್ಲಿ ಗೊತ್ತೋ ಅದರಲ್ಲೇ ಬರಿ” ಎಂದರು.

ಬರೆದೆ. ಎರಡೂ ಮಗ್ಗುಲು ತುಂಬಿತು. ಬಿಸಿಲಿಗೆ ಪದರು ಬಿಡುವುದು, ಹಲ್ಲಿಗಳು ಒಂದೇ ಸಂದಿಯಲ್ಲಿ ಹಲವು ಕೂಡಿ ಇರುವುದು, ಎರಡೆರಡು ಬಿಳಿಯ ಮೊಟ್ಟೆಗಳು, ಮೂರು ಸಲ ತಟ್ಟುವುದು, ಹೊಗೆ, ಬೆಂಕಿ. ಅವರು ನಿಂತುಕೊಂಡೇ ಎರಡು ಸಲ ಓದಿದರು. ಬಾಟಲಿಗೆ ಸೊನ್ನೆಯೆಂದರು. ನಾನು ತಲೆ ತಗ್ಗಿಸಿದೆ. “ಚಿತ್ರಕ್ಕೆ ಪೂರ್ತಿ. ಬರಹಕ್ಕೂ ಪೂರ್ತಿ” ಎಂದು, ಹಾಳೆಯನ್ನು ಉಳಿದ ಹಾಳೆಗಳ ಕೆಳಗಲ್ಲ, ಮೇಲೆ ಇಟ್ಟುಕೊಂಡರು.

ಹೊರಗೆ ಬಂದ ಮೇಲೆ ಸತ್ಯಂ ನನ್ನ ತೋಳು ಹಿಡಿದು ನಿಲ್ಲಿಸಿದ. “ಕ್ವಾರಿ ಐತಿ ಅಂದಿದ್ದಿ ಕದಾ” ಎಂದ. ಇಲ್ಲವೆಂದೆ. “ಮತ್ತ ಮೊದ್ಲೇ ಹೇಳಾಕ ಏನಾಗಿತ್ತಲೇ? ನಮ್ಮನಿ ಕಲ್ಲು ಹಾಕಿದ್ದು ಯಾರಂತ ನಮ್ಮ ನಾಯ್ನ ಇನ್ನೂ ಹುಡುಕಾಕತ್ತಾನ. ಒಂದು ಕಲ್ಲೂ ಅಲುಗಿಲ್ಲಂತ.” ಅವನ ತಂದೆಗೆ ಉತ್ತರ ಹೇಳುವ ಅವಕಾಶ ನನಗೆ ಆಮೇಲೆ ಸಿಕ್ಕಿತು, ಬಹಳ ಸವಿಸ್ತಾರವಾಗಿ ಹೇಳಿದೆ.

ಆ ದಿನವೇ ಸಂಜೆಯ ಬಸ್ಸು ಹಿಡಿದು ಊರಿಗೆ ಹೋದೆ. ಅಪ್ಪ ಕುಲುಮೆಯ ಬೆಂಕಿಗೆ ತಿದಿಯೊತ್ತುತ್ತಿದ್ದ. ಅವ್ವ ಮೊನೆ ಹೋದ ಉಳಿಗಳನ್ನು ಕೆಂಡದಲ್ಲಿ ತಿರುವುತ್ತಿದ್ದಳು. ನಡೆದುದನ್ನೆಲ್ಲ ಹೇಳಿದೆ. ಅವರು ಪದವಿ ಸಿಕ್ಕಿತೋ ಇಲ್ಲವೋ ಎಂಬುದಷ್ಟನ್ನು ಮೊದಲು ಕೇಳಿದರು. ಸಿಗುತ್ತದೆಂದೆ. ಅಪ್ಪ ತಿದಿ ನಿಲ್ಲಿಸಿ, ಟವೆಲಿನಿಂದ ಮುಖವನ್ನು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡ. ಅವ್ವ ಏನು ಬರೆದೆ, ಓದೆಂದಳು. ಹಾಳೆ ಅಲ್ಲೇ ಉಳಿದಿದ್ದರಿಂದ ನೆನಪಿನಿಂದ ಹೇಳಿದೆ. ಒಂದೂ ಬಿಡದೆ, ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಪೂರ್ತಿ ಅಂಕ ಬಂದ ಉತ್ತರ ಅದು.

ಅವ್ವ ಉಳಿಯನ್ನು ನೀರಿಗೆ ಅದ್ದಿದಳು. “ಎಲ್ಲಾ ಸರಿ ಬರದಿ. ಒಂದು ಬಿಟ್ಟಿ.”

ಏನೆಂದೆ.

“ತಟ್ಟಿದ ಮ್ಯಾಲ ಅವು ಎತ್ತಾಗ ಹೋಗ್ತಾವು?”

ನನಗೆ ಗೊತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಅವಳು ತಟ್ಟುವುದನ್ನು ಕಂಡಿದ್ದೆ, ಹೋಗಿರೆಂದು ಹೇಳುವುದನ್ನು ಕೇಳಿದ್ದೆ. ಎಲ್ಲಿಗೆಂದು ಒಂದು ದಿನವೂ ಕೇಳಿರಲಿಲ್ಲ.

ಅವಳು ಎದ್ದು ಗುಡ್ಡದ ದಾರಿ ಹಿಡಿದಳು. ನಾನು ಪರೀಕ್ಷೆಗೆಂದು ಹಾಕಿಕೊಂಡಿದ್ದ ಇಸ್ತ್ರಿಯ ಪ್ಯಾಂಟಿನಲ್ಲೇ ಹಿಂದೆ ಹೋದೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ಹಿಂದಿನ ವಾರ ಎಬ್ಬಿಸಿದ ಚಪ್ಪಡಿಯ ಜಾಗದಲ್ಲಿ ಬಂಡೆ ಹೊಸದಾಗಿ ಬೆಳ್ಳಗೆ ಕಾಣುತ್ತಿತ್ತು. ಅದರ ಪಕ್ಕದ ಬಂಡೆಯನ್ನು ತೋರಿಸಿದಳು. ಅದೂ ಪದರು ಬಿಟ್ಟದ್ದೇ, ತಟ್ಟಿದರೆ ಪೊಳ್ಳು ದನಿ. ಒಂದೇ ಬೆಂಕಿಗೆ ಏಳುವಂಥದ್ದು. ಆದರೂ ಅದನ್ನು ಮುಟ್ಟಿರಲಿಲ್ಲ. ಆಚೆ ನೋಡಿದೆ. ಒಂದು ಎಬ್ಬಿಸಿದ್ದು, ಒಂದು ಮುಟ್ಟದೆ ಬಿಟ್ಟದ್ದು. ಮತ್ತೊಂದು ಎಬ್ಬಿಸಿದ್ದು, ಮತ್ತೊಂದು ಬಿಟ್ಟದ್ದು. ಗುಡ್ಡದ ಇಳಿಜಾರಿನುದ್ದಕ್ಕೂ ಹಾಗೆಯೇ. ನಾನು ಹುಟ್ಟುವ ಮೊದಲಿನಿಂದಲೂ ಹಾಗೆಯೇ ಇದ್ದಿರಬೇಕು. ಹತ್ತಿರದ ಒಳ್ಳೆಯ ಕಲ್ಲನ್ನು ಬಿಟ್ಟು ಅಪ್ಪ ಏಕೆ ದೂರದ್ದಕ್ಕೆ ಹೋಗುತ್ತಾನೆಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಅವನನ್ನು ದಡ್ಡನೆಂದಿದ್ದೆ.

“ಹೋಗ್ರಿ ಅಂತ ಹೇಳಿದ್ರ ಮುಗೀತೇನು? ಹೋಗಾಕ ಜಾಗಾ ಇಟ್ಟು ಹೇಳಬೇಕು” ಎಂದಳು ಅವ್ವ.

ಬಿಟ್ಟ ಬಂಡೆಯ ಅಂಚಿನಲ್ಲಿ ಒಂದು ತಲೆ ಹೊರಗೆ ಬಂತು. ಆಮೇಲೆ ಇನ್ನೊಂದು. ಅದರ ಹಿಂದೆ ಬೆರಳುದ್ದದ ಮರಿಯೊಂದು. ಅದರ ಬೆನ್ನಿನ ಪಟ್ಟೆಗಳು ದೊಡ್ಡವುಗಳಿಗಿಂತ ಕಪ್ಪಾಗಿ, ಈಗಷ್ಟೇ ಎಳೆದಂತೆ ಸ್ಪಷ್ಟವಾಗಿದ್ದವು. ಎಣಿಸಿದೆ. ಗಟ್ಟಿಯಾಗಿಯೇ ಎಣಿಸಿದೆ.

“ಈಗ ಬರಕೋ” ಎಂದಳು.

ಪದವೀಧರನಾಗಲಿರುವವನು ಗುಡ್ಡಕ್ಕೆ ಪೆನ್ನು ತರಲು ಮರೆತಿದ್ದೆ. ಅವ್ವ ಸುತ್ತ ನೋಡಿ, ನೆಲದಿಂದ ಒಂದು ಜಾಜಿನ ಚೂರನ್ನೆತ್ತಿ ನನ್ನ ಕೈಗೆ ಕೊಟ್ಟಳು, ತಾನು ಬಂಡೆಯ ಮೇಲೆ ಕಾಲು ಚಾಚಿ ಕುಳಿತು ಕಾಯತೊಡಗಿದಳು.